ಇನಾಸ ಕೂಡಿಡದ ಮಳೆಗಾಲ

ಹೊನ್ನಾವರದಿಂದ ಮೇಲಕ್ಕೆ ಶರಾವತಿಯ ದಂಡೆಗುಂಟ ಹೋದರೆ ಸಿಗುವ ಆ ಕೇರಿಯಲ್ಲಿ ಬಡಿಗ ಇನಾಸನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಮನುಷ್ಯ ಒಳ್ಳೆಯವನೇ. ಅವನು ಮಾಡಿಕೊಟ್ಟ ಕಿಟಕಿ ಮೂವತ್ತು ವರ್ಷವಾದರೂ ಕಿರ್ ಎನ್ನುತ್ತಿರಲಿಲ್ಲ. ಆದರೆ ಒಂದು ಮಾತು ತಲೆಗೆ ಹೊಕ್ಕಿತೆಂದರೆ ಅದನ್ನು ಕಿತ್ತು ತೆಗೆಯುವ ಉಳಿ ಅವನ ಪೆಟ್ಟಿಗೆಯಲ್ಲೂ ಇರಲಿಲ್ಲ.

ಕ್ರಿಸ್ತ ಮತ್ತೆ ಬರುತ್ತಾನೆ ಎಂಬುದು ಅವನಿಗೆ ನಾಳೆ ಬೆಳಗಾಗುತ್ತದೆ ಎನ್ನುವಷ್ಟೇ ಖಾತ್ರಿ. ಪ್ರವಾದಿಗಳು ಹೇಳಿದ್ದರಲ್ಲಿ ಇಷ್ಟೆಲ್ಲ ನಡೆದಿರುವಾಗ ಉಳಿದದ್ದೊಂದು ನಡೆಯದೆ ಎಲ್ಲಿ ಹೋದೀತು ಎಂದು ಕೆಲಸಕ್ಕೆ ಹೋದ ಮನೆಗಳಲ್ಲೂ ಕೇಳುತ್ತಿದ್ದ. ಜನ ಚಹಾ ಕೊಟ್ಟು ಕೇಳಿಸಿಕೊಳ್ಳುತ್ತಿದ್ದರು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಕಳೆದ ಮೇ ತಿಂಗಳಲ್ಲಿ, ಫೋನಿನಿಂದ. ಎಲ್ಲಿಯವನೋ ಒಬ್ಬ ಬೋಧಕ ಯುದ್ಧ, ಭೂಕಂಪ, ಗ್ರಹಣ ಎಲ್ಲವನ್ನೂ ಕೂಡಿಸಿ ಕಳೆದು, ಈ ಮಳೆಗಾಲ ಮುಗಿಯುವುದರೊಳಗೆ ಕರ್ತನ ಪುನರಾಗಮನ ಆಗಿಯೇ ಆಗುತ್ತದೆ ಎಂದು ವಿಡಿಯೋದಲ್ಲಿ ಬೆರಳು ಮಡಚಿ ತೋರಿಸಿದ. ಇನಾಸ ಅದನ್ನು ಹನ್ನೊಂದು ಸಲ ನೋಡಿದ. ಭಾನುವಾರ ಪ್ರಾರ್ಥನಾ ಸಭೆಯ ಹಿರಿಯರಾದ ನಾಗಭೂಷಣ ಮಾಸ್ತರಿಗೂ ತೋರಿಸಿದ. ಕುಮಟಾದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರು ಕನ್ನಡಕ ಹಣೆಗೇರಿಸಿದರು.

"ಬರೂದು ಖರೆ, ಇನಾಸ. ದಿನ ಮಾತ್ರ ತಂದೆಗೊಬ್ಬನಿಗೇ ಗೊತ್ತು. ಇಂವ ಎಂತಕೆ ಲೆಕ್ಕ ಮಾಡೂಕೆ ಹೋದ?"

ಗಣಿತದ ಮಾಸ್ತರಿಗೇ ಲೆಕ್ಕದ ಮೇಲೆ ನಂಬಿಕೆ ಇಲ್ಲದೆ ಹೋಯಿತಲ್ಲ ಎಂದು ಇನಾಸ ಅವರಿಗಾಗಿ ಮರುಗಿದ.

ನಮ್ಮ ಕಡೆ ಮೇ ಎಂದರೆ ಕೂಡಿಡುವ ತಿಂಗಳು. ಜೂನಿನಲ್ಲಿ ಆಕಾಶ ಬಾಯಿಬಿಟ್ಟರೆ ಮೂರು ತಿಂಗಳು ಮುಚ್ಚುವುದಿಲ್ಲ. ದೋಣಿ ಕಡಲಿಗಿಳಿಯುವುದಿಲ್ಲ, ಹಸಿಮೀನು ಸಿಗುವುದಿಲ್ಲ, ಕೂಲಿಯೂ ಅಷ್ಟಕ್ಕಷ್ಟೆ. ಹಾಗಾಗಿ ಬಡವ ಬಲ್ಲಿದ ಎನ್ನದೆ ಎಲ್ಲರೂ ಕಟ್ಟಿಗೆ ಒಡೆದು ಒಟ್ಟುತ್ತಾರೆ, ಒಣಬಂಗಡೆ ಡಬ್ಬಿಗೆ ತುಂಬುತ್ತಾರೆ, ಮಾವಿನಕಾಯಿ ಉಪ್ಪುನೀರಿಗೆ ಹಾಕುತ್ತಾರೆ, ಪಡುಗೋಡೆಗೆ ಹೆಣೆದ ತೆಂಗಿನ ಗರಿ ಕಟ್ಟುತ್ತಾರೆ. ಇನಾಸನ ಹೆಂಡತಿ ನತಾಲಿನ್ ಸಂತೆಗೆಂದು ಚೀಲ ಹಿಡಿದು ಹೊರಟಾಗ ಅವನು ಬಾಗಿಲಿಗೆ ಅಡ್ಡ ನಿಂತ.

"ಈ ವರ್ಷ ಕೂಡಿಡೂದು ಬೇಡ. ಬತ್ತಾನೆ ಅಂತ ಬಾಯಲ್ಲಿ ಹೇಳೂದು, ಒಣಮೀನು ಡಬ್ಬಿಗೆ ತುಂಬೂದು, ಇದು ಎಂತ ನಂಬಿಕೆ? ಕೂಡಿಡೂದು ಅಂದ್ರೇ ಸಂಶಯ."

"ಆತು," ಎಂದಳು ನತಾಲಿನ್. ಮೂವತ್ತೆರಡು ವರ್ಷ ಸಂಸಾರ ಮಾಡಿದವಳು ಇಷ್ಟು ಸುಲಭಕ್ಕೆ ಒಪ್ಪಿದಳೆಂದರೆ ಗಂಡನಾದವನು ಸ್ವಲ್ಪ ಯೋಚಿಸಬೇಕಿತ್ತು. ಇನಾಸ ಯೋಚಿಸಲಿಲ್ಲ.

ಅವನು ತನ್ನ ರೀತಿಯಲ್ಲಿ ಸಿದ್ಧನಾದ. ಜಗಲಿ ತಿಕ್ಕಿ ತೊಳೆದ. ಮುಂಬಾಗಿಲಿಗೆ ಹೊಸ ತಿರುಗಣಿ ಹಾಕಿ, ಅಗಳಿಗೆ ಎಣ್ಣೆ ಸವರಿದ. ಕರೆದರೆ ಕೂಡಲೇ ಎದ್ದು ಹೋಗಲು ಅಡ್ಡಿಯಾಗುವಂಥದ್ದು ಮನೆಯಲ್ಲಿ ಏನೂ ಇರಬಾರದು ಎಂಬುದು ಅವನ ಹಂಬಲ. ಹೊಳೆಬದಿಯ ತಗ್ಗಿನಲ್ಲಿ ಮನೆಯಿದ್ದ ದುರ್ಗಿ, ಮೀನು ಮಾರುವವಳು, ಖಾಲಿ ಕಟ್ಟಿಗೆಕೊಟ್ಟಿಗೆ ನೋಡಿ ಕೇಳಿಯೇಬಿಟ್ಟಳು.

"ಇನಾಸಣ್ಣ, ಕಟ್ಟಿಗೆ ಎಂತಾತು? ನಿಮ್ಮ ದೇವ್ರೇ ಬರೂವಾಗ ತಕಂಡು ಬತ್ರನಾ?"

ಇನಾಸ ನಕ್ಕು ಅಗಳಿಗೆ ಇನ್ನಷ್ಟು ಎಣ್ಣೆ ಸವರಿದ. ಆಗಾಗ ಮನೆಯಲ್ಲಿ ಒಣಮೀನಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ದುರ್ಗಿಯ ಮನೆಯದ್ದಿರಬೇಕು ಅಂದುಕೊಳ್ಳುತ್ತಿದ್ದ.

ಜೂನ್ ಕಳೆಯಿತು. ಪಡುಗೋಡೆ ನೆನೆದು ಹಸಿರಾಯಿತು. ವಾರಕ್ಕೆ ಬೇಕಾದಷ್ಟು ಅಕ್ಕಿ ಅಂಗಡಿಯಿಂದ ತರುತ್ತ ದಿನ ದೂಡಿದರು. ಜುಲೈ ಮೂರನೇ ವಾರ ಮಳೆ ಒಂಬತ್ತು ದಿನ ಬಿಡದೆ ಹೊಡೆಯಿತು. ಹತ್ತನೆಯ ದಿನ ಬೆಳಿಗ್ಗೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ತಗ್ಗಿನವರು ಮೇಲೆ ಹೋಗಿ ಎಂದು ಜೀಪು ಮೈಕಿನಲ್ಲಿ ಕೂಗುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ರಸ್ತೆಯೂ ಮುಳುಗಿತು. ಇನಾಸನ ಮನೆ ಎತ್ತರದಲ್ಲಿತ್ತು. ಅವನು ಜಗಲಿಯಲ್ಲಿ ಮಂಡಿಯೂರಿ, ಇದೇ ಆ ದಿನವಿರಬಹುದೇ ಎಂದು ಪ್ರಾರ್ಥಿಸಿದ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಇನಾಸ ಓಡಿಹೋಗಿ ತೆರೆದ.

ದುರ್ಗಿ ನಿಂತಿದ್ದಳು. ಜೊತೆಗೆ ಅವಳ ಸೊಸೆ ಸುಪ್ರಿಯಾ, ಹದಿನೆಂಟು ದಿನದ ಬಾಣಂತಿ, ಕೂಸನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಅವುಚಿಕೊಂಡಿದ್ದಳು. ಹಿಂದೆ ತಗ್ಗಿನ ಇನ್ನೆರಡು ಮನೆಯವರು. ಎಲ್ಲ ಸೇರಿ ಹನ್ನೊಂದು ಜನ.

"ಒಳಗೆ ಬರ್ಲಾ ಅಣ್ಣ? ಮನೆಲಿ ಸೊಂಟದವರೆಗೆ ನೀರಾತು. ಬೆಳಗಿಂದ ಯಾರ ಹೊಟ್ಟೆಗೂ ಎಂತಾ ಬಿದ್ದಿಲ್ಲ."

"ಬನ್ನಿ, ಬನ್ನಿ," ಎಂದು ಒಳಗೆ ಕೂರಿಸಿ ಇನಾಸ ಅಡುಗೆಮನೆಗೆ ಹೋದ. ಡಬ್ಬಿಯ ತಳದಲ್ಲಿ ಅರ್ಧ ಸೇರು ಅಕ್ಕಿ. ಗ್ಯಾಸು ಮೊನ್ನೆಯೇ ಮುಗಿದಿತ್ತು. ಇನ್ನೊಂದು ಸಿಲಿಂಡರು ಬರಲು ರಸ್ತೆಯೇ ಇರಲಿಲ್ಲ. ಒಲೆಯ ಬಳಿ ಒಂದು ಕಡ್ಡಿಯಿಲ್ಲ. ಆಚೆ ಕೋಣೆಯಲ್ಲಿ ಕೂಸು ಅಳತೊಡಗಿತು. ಕರ್ತನಿಗಾಗಿ ಸಿದ್ಧನಾಗಿದ್ದೇನೆ ಎಂದುಕೊಂಡವನ ಮನೆಯಲ್ಲಿ ಒಬ್ಬ ಬಾಣಂತಿಗೆ ಬಿಸಿನೀರು ಕಾಯಿಸಿಕೊಡಲು ಗತಿಯಿರಲಿಲ್ಲ. ಮದುಮಗನನ್ನು ಎದುರುಗೊಳ್ಳಲು ಹೋಗಿ, ದೀಪಕ್ಕೆ ಎಣ್ಣೆ ತಾರದೆ ಮದುವೆಮನೆಯ ಹೊರಗೇ ಉಳಿದ ಐದು ಹುಡುಗಿಯರ ಕಥೆಯನ್ನು ಅವನು ಸಭೆಯಲ್ಲಿ ನೂರು ಸಲ ಕೇಳಿದ್ದ. ಆರನೆಯವನು ತಾನು ಎಂದು ತಿಳಿದದ್ದು ಇವತ್ತೇ. ಖಾಲಿ ಒಲೆಯ ಮುಂದೆ ಕೂತು, ಐವತ್ತೆಂಟು ವರ್ಷದ ಗಂಡಸು, ಅತ್ತುಬಿಟ್ಟ.

"ಏಣಿ ಹಿಡೀರಿ," ಎಂದಳು ನತಾಲಿನ್ ಹಿಂದಿನಿಂದ.

ಬಚ್ಚಲಮನೆಯ ಅಟ್ಟಕ್ಕೆ ಅವಳು ಹತ್ತಿದಳು. ಮೇಲಿನಿಂದ ಮೊದಲು ಇಳಿದದ್ದು ಕಟ್ಟಿಗೆ, ಹೊರೆಯ ಮೇಲೆ ಹೊರೆ, ಗರಿಗರಿ ಒಣಗಿದ್ದು. ಆಮೇಲೆ ಕುಚಲಕ್ಕಿಯ ಎರಡು ಡಬ್ಬಿ, ಮಾವಿನಕಾಯಿ ಭರಣಿ, ಕೊನೆಗೆ ಒಣಬಂಗಡೆ ತುಂಬಿದ ದೊಡ್ಡ ಡಬ್ಬಿ. ಇನಾಸ ಏಣಿ ಹಿಡಿದುಕೊಂಡೇ ಬಾಯಿಬಿಟ್ಟು ನೋಡಿದ.

"ನಿಂಗೆ ನಂಬಿಕೆ ಇರ್ಲಿಲ್ವನೇ?"

"ಇತ್ತು. ಅದಕ್ಕೇ ತುಂಬಿಟ್ಟೆ," ಎಂದಳು ಅವಳು ಇಳಿಯುತ್ತ. "ಬರೂರಿಗೆ ಹಸಿವು ಇರ್ತದೆ. ಅಂವ ಯಾವಾಗ ಬಂದ್ರೂ, ಯಾರ ರೂಪದಲ್ಲಿ ಬಂದ್ರೂ, ಮನೇಲಿ ಎಂತದೂ ಇಲ್ಲ ಅಂತ ಹೇಳೂಕೆ ನಂಗಾಗೂದಿಲ್ಲ."

ಇನಾಸ ಅವಳ ಕೈಯಿಂದ ಹೊರೆ ತೆಗೆದುಕೊಂಡು ತಾನೇ ಒಲೆ ಹಚ್ಚಿದ. ಸುಪ್ರಿಯಾಳಿಗೆ ಬಿಸಿನೀರು ಕಾಯಿಸಿಕೊಟ್ಟ. ಗಂಜಿ ಕುದಿಯಿತು, ಬಂಗಡೆ ಕೆಂಡದ ಮೇಲೆ ಚುರುಗುಟ್ಟಿತು. ಮಳೆ ಹೊರಗೆ ತನ್ನ ಪಾಡಿಗೆ ಸುರಿಯುತ್ತಿತ್ತು. ಅಷ್ಟು ಜನರಿಗೆ ಮನೆಯ ಬಟ್ಟಲು ಸಾಲದೆ ಬಾಳೆಲೆ ಕೊಯ್ದು ತಂದರು.

ದುರ್ಗಿ ಎಲೆಯ ಮುಂದೆ ಕೂತು ಸಂಕೋಚದಿಂದ, "ನೀವು ಯಾರಿಗೋ ಕಾಯ್ತಿದ್ರಿ ಅಣ್ಣ. ಬಂದದ್ದು ನಾವು," ಎಂದಳು.

"ಉಣ್ಣು ದುರ್ಗಿ. ನಿಂಗೆ ಪುಣ್ಯ ಬರ್ಲಿ, ಇವತ್ತೇ ಬಂದ್ಯಲ್ಲ," ಎಂದ ಇನಾಸ. ಆಮೇಲೆ ಕೈಮುಗಿದು ಕಣ್ಣು ಮುಚ್ಚಿದ. ಎಲ್ಲರೂ ತುತ್ತು ಕೆಳಗಿಟ್ಟು ಕಾದರು.

"ಕರ್ತನೇ, ತಡ ಮಾಡಿದ್ಯಲ್ಲ, ನಿಂಗೆ ಸ್ತೋತ್ರ. ನಿನ್ನೆ ಬಂದಿದ್ರೆ ನನ್ನ ಕೈಯಲ್ಲಿ ನಿಂಗೆ ಕೊಡೂಕೆ ಎಂತದೂ ಇರ್ಲಿಲ್ಲ. ಇಂಥ ಹೆಂಡತಿ ಕೊಟ್ಟಿದ್ದಕ್ಕೂ ಸ್ತೋತ್ರ. ಆಮೆನ್."

ನತಾಲಿನ್ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನಾಸ ಎಲ್ಲರಿಗೂ ಎರಡನೇ ಸಲ ಗಂಜಿ ಬಡಿಸಿದ. ಕೂಸು ಹಾಲು ಕುಡಿದು ನಿದ್ದೆಹೋಯಿತು. ಎಲ್ಲರೂ ಉಂಡು ಕೈತೊಳೆದ ಮೇಲೆ ಅವನು ಒಬ್ಬನೇ ಜಗಲಿಗೆ ಬಂದು, ತುಂಬಿ ಹರಿಯುವ ಹೊಳೆಯ ಆಚೆ ನೋಡುತ್ತ, ಮೆಲ್ಲಗೆ, "ಇನ್ನು ಬಾ," ಎಂದ.