ಮುನಿಗಂಗಾ ಎಂಬ ಕಲ್ಲು

“ಕಲ್ಲಿಗಾ? ಆ ಹೆಸ್ರನ್ನ ಕಲ್ಲಿಗೆ ಇಟ್ಟಿದ್ದೀಯಾ?” ರಾಗಿ ಕೇರುತ್ತಿದ್ದ ಮುನಿಗಂಗಮ್ಮನ ಕೈ ಹಾಗೇ ನಿಂತಿತು.

ಚನ್ನಕೇಶವನಿಗೆ ನಗು ಬಂತು. ವೀಕ್ಷಣಾಲಯದಲ್ಲಿ ವರ್ಷಗಟ್ಟಲೆ ದೂರದರ್ಶಕಕ್ಕೆ ಅಂಟಿಕೊಂಡು ಕೂತು ಒಂದು ಕ್ಷುದ್ರಗ್ರಹ ಕಂಡುಹಿಡಿದವನು ಅವನು. ಅದರ ಪಥ ಖಚಿತವಾಗುವವರೆಗೆ ಬೆನ್ನು ಬಿಡದೆ ಕಾದ ಮೇಲೆ ಹೆಸರಿಡುವ ಹಕ್ಕು ಸಿಕ್ಕಿತ್ತು. ಜೊತೆಯವರು ಋಷಿಗಳನ್ನು ಸೂಚಿಸಿದರು, ನದಿಗಳನ್ನು ಸೂಚಿಸಿದರು. ಇವನು ಯಾರಿಗೂ ಸೊಪ್ಪು ಹಾಕದೆ ತಾಯಿಯ ಹೆಸರು ಬರೆದು ಕಳಿಸಿದ. ಅದು ಒಪ್ಪಿಗೆಯಾಗಿ ಅಚ್ಚಾದದ್ದೇ ತಡ, ಸುದ್ದಿ ಹೇಳಲೆಂದು ರೈಲು ಹತ್ತಿ ಆ ಬೆಳಿಗ್ಗೆ ತೊಂಡೇಬಾವಿಯಲ್ಲಿ ಇಳಿದಿದ್ದ.

“ಅಂತಿಂಥ ಕಲ್ಲಲ್ಲ ಕಣಮ್ಮ. ಇಲ್ಲಿಂದ ಗೌರಿಬಿದನೂರು ಎಷ್ಟು ದೂರವೋ ಅಷ್ಟು ಅಗಲ. ಮಂಗಳಕ್ಕೂ ಗುರುಗೂ ಮಧ್ಯೆ ಸುತ್ತುತ್ತೆ. ಸೂರ್ಯನ್ನ ಒಂದು ಸುತ್ತು ಹಾಕೋಕೆ ಐದು ವರ್ಷದ ಮೇಲೆ ಬೇಕು.”

“ನೋಡೋಕೆ ಹೆಂಗೈತೆ?”

“ಇದ್ದಲಿನಂಗೆ ಕಪ್ಪು. ಗುಂಡಗೂ ಇಲ್ಲ, ಗೆಣಸಿನ ಥರ. ಉರುಳಿಕೊಂಡೇ ಹೋಗ್ತಿರುತ್ತೆ.”

ಇದ್ದಲಿಗೆ ನನ್ನ ಹೋಲಿಸ್ತೀಯೇನೋ ಎಂದು ಬಯ್ಯುತ್ತಾಳೆಂದು ಕಾದ. ಬೈಗುಳ ಬರಲಿಲ್ಲ. ತಾಯಿಯ ಮುಖ ಬಿಳುಚಿಕೊಂಡಿತ್ತು.

“ಬದಲಾಯಿಸೋಕಾಗಲ್ವೇನಪ್ಪ?”

“ಇನ್ನೆಲ್ಲಿ ಬದಲಾಯಿಸ್ತಾರೆ? ನಾವು ಹೋದ್ಮೇಲೂ, ಈ ಊರೇ ಹೋದ್ಮೇಲೂ ಅದು ಮುನಿಗಂಗಾನೇ.”

“ಅದು ನನ್ನ ಹೆಸ್ರಲ್ಲ ಕಣೋ.”

ಆ ಮಾತು ಅವನ ತಲೆಗೆ ಹೋಗುವ ಮೊದಲೇ ಅವಳು ಸೆರಗಿನೊಳಗಿಂದ ತಾಳಿ ಸರ ಎಳೆದು, ಅದರಲ್ಲಿದ್ದ ಸಣ್ಣ ಚಿನ್ನದ ಬಿಲ್ಲೆಯನ್ನು ಹಿಡಿದು ತೋರಿಸಿದಳು. ಯಾವುದೋ ದೇವಿಯ ಬಿಲ್ಲೆಯೆಂದು ಅವನು ಚಿಕ್ಕಂದಿನಿಂದ ಅದಕ್ಕೆ ಕೈಮುಗಿದಿದ್ದ.

“ಸವತಿ ಬಿಲ್ಲೆ ಇದು. ನಿಮ್ಮಪ್ಪನ ಮೊದಲ್ನೇ ಹೆಂಡ್ತೀದು. ಹೆರಿಗೇಲಿ ಹೋದ್ಲಂತೆ. ನಾನು ಈ ಮನೆಗೆ ಬಂದ ದಿನಾನೇ ಇದನ್ನ ಕಟ್ಟಿದ್ರು. ಸತ್ತೋಳು ಮುನಿಸ್ಕೋಬಾರ್ದು, ಅವ್ಳೇ ತಿರುಗಿ ಬಂದ್ಲು ಅಂತಿರ್ಲಿ ಅಂದು ನಿಮ್ಮಜ್ಜಿ ನನ್ನ ಅವ್ಳ ಹೆಸ್ರಲ್ಲೇ ಮುನಿಗಂಗಾ ಅಂತ ಕೂಗಿದ್ರು. ಊರೂ ಹಂಗೇ ಕೂಗ್ತು. ರೇಷನ್ ಕಾರ್ಡಿಗೂ ಅದೇ ಹತ್ತಿತು.”

ಚನ್ನಕೇಶವನಿಗೆ ಸಿಡಿಲು ಬಡಿದಂತಾಯಿತು. ಹಿಂದೂಪುರದ ಆಚೆಯಿಂದ ಬರುತ್ತಿದ್ದ ಸೋದರಮಾವ ಇವಳನ್ನು ಅಕ್ಕ ಎಂದನೇ ಹೊರತು ಹೆಸರು ಹಿಡಿದವನಲ್ಲ. ಕೋಟಿಗಟ್ಟಲೆ ಮೈಲಿ ಆಚೆಯ ಕಲ್ಲಿನ ದಾರಿ ಗೊತ್ತಿದ್ದವನಿಗೆ ಹೆತ್ತವಳ ಹೆಸರು ಗೊತ್ತಿರಲಿಲ್ಲ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

“ನಿನ್ನ ಹೆಸ್ರೇನಮ್ಮ ಹಂಗಾದ್ರೆ?”

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ರಾಮಲಕ್ಷ್ಮಿ.”

ಬಿಲ್ಲೆಯನ್ನು ಮತ್ತೆ ಸೆರಗಿನೊಳಗೆ ಸೇರಿಸುತ್ತಾ ಅಂದಳು, “ಮನೆ ಅವಳದು, ಗಂಡ ಅವಳೋನು, ಕೂಗೋ ಹೆಸ್ರೂ ಅವಳದೇ. ನೀನೊಬ್ಬ ನನ್ನೋನು ಅಂದ್ಕೊಂಡಿದ್ದೆ. ನೀನೂ ಆಕಾಶದಲ್ಲಿದ್ದದ್ದನ್ನ ತಂದು ಅವ್ಳಿಗೇ ಕೊಟ್ಬಿಟ್ಟೆ.”

“ಇನ್ನೊಂದು ಹುಡುಕ್ತೀನಮ್ಮ,” ಎಂದ. ಹುಡುಕಿದರೂ ಎಷ್ಟು ವರ್ಷ ಬೇಕೋ, ಅಷ್ಟರಲ್ಲಿ ಇವಳಿರುತ್ತಾಳೋ ಇಲ್ಲವೋ. ಅವಳು ಎದ್ದು ಹಿತ್ತಲಿಗೆ ಹೋದಳು.

ಅವನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ. ಅವಳು ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಅವನು ಮೆಲ್ಲಗೆ, “ರಾಮಲಕ್ಷ್ಮಮ್ಮಾ” ಎಂದ. ಅವಳು ಹುಲ್ಲು ಬಿಡಿಸುತ್ತಲೇ ಇದ್ದಳು. ಇನ್ನೊಮ್ಮೆ ಕೂಗಿದ, ಈ ಸಲ ಜೋರಾಗಿ. ತಿರುಗಿ ನೋಡಲಿಲ್ಲ.

ಪಕ್ಕದ ಮನೆಯ ಅನಸೂಯಮ್ಮ ಗೋಡೆಯಾಚೆಯಿಂದ ಕೂಗಿದಳು, “ಮುನಿಗಂಗಕ್ಕಾ, ನಲ್ಲಿ ಬಂತು!”

“ಬಂದೇ ಕಣಮ್ಮಾ,” ಎಂದವಳೇ ಅವನ ತಾಯಿ ಹುಲ್ಲು ಅಲ್ಲೇ ಬಿಟ್ಟು, ಬಿಂದಿಗೆ ಎತ್ತಿಕೊಂಡು ಬಿರಬಿರನೆ ನಡೆದಳು.