ಪರವಾಗಿಲ್ಲ

"ಹೆಂಗಿದೀರಮ್ಮಾ?" ಎಂದು ನರ್ಸ್ ಕೇಳಿದಳು.

"ಪರವಾಗಿಲ್ಲ," ಅಂದಳು ನಕಾಟೊ, ಹಲ್ಲು ಕಚ್ಚಿಕೊಂಡು.

ನರ್ಸ್ ತಲೆಯಾಡಿಸಿ ಪಕ್ಕದ ಮಂಚಕ್ಕೆ ಹೋಗಿಬಿಟ್ಟಳು. ಹುಡುಗಿಯ ಪಕ್ಕ ನಿಂತಿದ್ದ ಅಕ್ಕಯಮ್ಮ ಹಣೆ ಚಚ್ಚಿಕೊಂಡಳು. ಆ ಮಾತು ಕಲಿಸಿದವಳು ತಾನೇ. ಉಗಾಂಡದಿಂದ ಓದಲು ಬಂದು, ಹೊಸಕೋಟೆಯ ತನ್ನ ಮಹಡಿಮನೆಗೆ ಬಾಡಿಗೆಗೆ ಸೇರಿದ ಹುಡುಗಿಗೆ "ಯಾರು ಏನ್ ಕೇಳಿದ್ರೂ ಪರವಾಗಿಲ್ಲ ಅನ್ನು, ಸುಮ್ನಾಗ್ತಾರೆ" ಎಂದು ಹೇಳಿಕೊಟ್ಟಿದ್ದಳು.

ಹುಡುಗಿಗೆ ಸಿಕಲ್ ಸೆಲ್ ಎಂಬ, ಹುಟ್ಟಿನಿಂದ ಬಂದ ರಕ್ತದ ಕಾಯಿಲೆ. ಕೆರಳಿದರೆ ಮೂಳೆಮೂಳೆಯನ್ನೂ ಹಿಂಡುತ್ತದೆ. ಹೋದ ತಿಂಗಳು ಆಫ್ರಿಕಾದವರ ಸಂಘ ಅದೇ ಮಹಡಿಯಲ್ಲಿ ಸಭೆ ಸೇರಿಸಿತ್ತು. ನಮ್ಮವರು ನೋವೆಂದರೆ ಆಸ್ಪತ್ರೆಯವರು ನಶೆಗೆ ಇಂಜೆಕ್ಷನ್ ಕೇಳ್ತಾರೆ ಅಂತ ವಾಪಸ್ ಕಳಿಸುತ್ತಾರೆ, ಕನ್ನಡದವರೊಬ್ಬರು ಜೊತೆಗೆ ನಿಲ್ಲಿ ಎಂದು ಮನೆ ಮಾಲೀಕರನ್ನೆಲ್ಲ ಕೇಳಿಕೊಂಡಿತ್ತು. "ನನಗೆ ಹಸ ಕರು ನೋಡ್ಕೊಳ್ಳೋದೇ ಸಾಕಾಗೈತೆ" ಎಂದು ಸಿಡುಕುತ್ತಲೇ ಅಕ್ಕಯಮ್ಮ ಫೋನ್ ನಂಬರ್ ಕೊಟ್ಟಿದ್ದಳು.

ಆ ಫೋನ್ ಈಗ ಹೊಡೆದುಕೊಂಡಿತು. ಸಂಘದ ಡೇವಿಡ್. "ಅಮ್ಮಾ, ಟ್ರಾಫಿಕ್‌ನಲ್ಲಿ ಸಿಕ್ಕೊಂಡಿದೀನಿ. ಮನೆಗೆ ಕಳಿಸೋಕೆ ಬಿಡ್ಬೇಡಿ."

ಅಷ್ಟರಲ್ಲಿ ಡಾಕ್ಟರು ದೂರದಿಂದಲೇ ಕೈ ಬೀಸಿದ. "ನೋವಿನ ಇಂಜೆಕ್ಷನ್‌ಗೇ ಬಂದಿರ್ತಾಳೆ. ಇವರ ನಶೆ ಗೊತ್ತಲ್ಲ. ಮಾತ್ರೆ ಕೊಟ್ಟು ಕಳ್ಸಿ. ಪೇಷೆಂಟ್ ಕಡೆಯವರು ಯಾರು?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಅಕ್ಕಯಮ್ಮನ ಬೀದಿಯ ಮುನಿತಾಯಮ್ಮನೂ ಇದ್ದಳು. "ಏನಕ್ಕಾ, ಬಾಡಿಗೆಯೋಳ್ಗೂ ನೀನೇ ಬರ್ಬೇಕಾ?" ಎಂದು ನಕ್ಕಳು. ಅಕ್ಕಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ನಕಾಟೊ ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಬೆರಳುಗಳು ತಣ್ಣಗಿದ್ದವು.

"ನಾನು ಕಣಪ್ಪಾ ಕಡೆಯೋಳು!" ಅಕ್ಕಯಮ್ಮ ವಾರ್ಡೆಲ್ಲ ಕೇಳುವಂತೆ ಕೂಗಿದಳು. "ನಶೆ ಮಾಡೋಳು ಪರವಾಗಿಲ್ಲ ಅಂತಾಳಾ? ಸಿಕಲ್ ಸೆಲ್ಲು, ರಕ್ತ ತೆಗ್ದು ನೋಡು. ಡ್ರಿಪ್ ಹಾಕೋಗಂಟ ನಾನು ಇಲ್ಲಿಂದ ಅಲ್ಲಾಡಲ್ಲ."

"ನಿಮಗೇನಾಗ್ಬೇಕು ಇವಳು?"

"ನಮ್ಮನೆಯೋಳು. ಬರ್ಕೋ."

ಡಾಕ್ಟರು ಕೊನೆಗೂ ಹತ್ತಿರ ಬಂದ. ಹುಡುಗಿಯ ಕಣ್ಣಿನ ರೆಪ್ಪೆ ಎಳೆದು ನೋಡಿದ. ಬಿಳಿಭಾಗ ಅರಿಶಿನವಾಗಿತ್ತು. ಅವನ ಮುಖ ಬದಲಾಯಿತು. "ಸಿಸ್ಟರ್, ಡ್ರಿಪ್ ಹಾಕಿ, ಬೇಗ," ಎಂದ.

ಅಕ್ಕಯಮ್ಮ ಬಗ್ಗಿ ಹುಡುಗಿಯ ಕಿವಿಯಲ್ಲಿ ಹೇಳಿದಳು: "ಲೇ, ಆ ಹಾಳು ಮಾತು ಬಿಟ್ಬಿಡು. ನೋವು ಅನ್ನು. ಜೋರಾಗಿ ಅನ್ನು."

ಬಾಟಲಿ ತೂಗುಹಾಕಿ ನರ್ಸ್ ಮತ್ತೆ ಕೇಳಿದಳು, "ಈಗ ಹೆಂಗಿದೆ?"

ನಕಾಟೊ ಅಕ್ಕಯಮ್ಮನ ಮುಖ ನೋಡಿದಳು.

"ನೋವು," ಎಂದಳು. "ತುಂಬಾ ನೋವು."

ನರ್ಸ್ ಪಕ್ಕದ ಮಂಚಕ್ಕೆ ಹೋಗಲಿಲ್ಲ. ಅಕ್ಕಯಮ್ಮ ಕಾಲಿನಲ್ಲೇ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು, ಹುಡುಗಿಯ ಮುಷ್ಟಿಯಲ್ಲಿದ್ದ ಸೆರಗು ಜಗ್ಗದಂತೆ.