ಬಿಸಿಯಾದ ಬ್ರೇಕ್ ಕೇಬಲ್

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಬಂದಷ್ಟೇ ಬೇಗ ಹೋಯಿತು, ಹಳೇ ಪಿಕಪ್ಪಿನಡಿ ಅಂಗಾತ ಮಲಗಿದ್ದ ವೈರಿಂಗ್ ಮೇಸ್ತ್ರಿ ಮುಟಿಂಟಾ ಮೂಗರಳಿಸಿದಳು — ವೈರುಗಳನ್ನೆಲ್ಲ ನಿನ್ನೆಯೇ ಎಳೆ ಎಳೆಯಾಗಿ ನೋಡಿಯಾಗಿದೆ, ಒಂದೂ ಸುಟ್ಟಿಲ್ಲ, ಮತ್ತೆ ಇದೆಲ್ಲಿಯದು, ಚೋಮಾ ಪಟ್ಟಣದ ಬಿಸಿಲಿಗೆ ತಗಡು ಕಾದು ಚಟಗುಟ್ಟುತ್ತಿದೆ, ಸ್ಟೇರಿಂಗ್ ಹಿಡಿದು ಕೂತವಳು ಬೀನಾ ಚಬೋಟಾ, ಸೂಲಗಿತ್ತಿ, ಹಳ್ಳಿಯ ಎಷ್ಟು ಬಸುರಿಯರನ್ನು ಇದೇ ಗಾಡಿಯಲ್ಲಿ ಆಸ್ಪತ್ರೆ ಮುಟ್ಟಿಸಿದ್ದಾಳೋ, ಮುಟಿಂಟಾಳ ತಾಯಿಯನ್ನೂ, ಈಗ ಬೀನಾಳ ಸೊಸೆಗೇ ದಿನ ತುಂಬಿದೆ, ಗಾಡಿಗೆ ಮಾತ್ರ ಸೆಲ್ಫ್ ಹೊಡೆದರೆ ದೀಪ ಮಂಕು, ಹೊರಟರೆ ಹಿಂದಿನ ಚಕ್ರ ಬಿಗಿ, ಬ್ರೇಕ್ ಬಿಟ್ಟರೂ ಬಿಡದು. ಎರಡು ಸಲ ಕೇಬಲ್ ಹಾಕಿದೀನಿ, ಬ್ರೇಕಿಂದೇನೂ ಇಲ್ಲ, ಕರೆಂಟಿಂದೇ ಕಿತಾಪತಿ, ಬಲ್ಬ್ ಹಾಕೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು ಅಂತ ಬ್ರೇಕ್ ಮೇಸ್ತ್ರಿ ಸಿಯಾಮುನೇನೆ ಪಕ್ಕದ ಶೆಡ್ಡಿಂದ ಕೂಗಿದ್ದ, ಮುಟಿಂಟಾಳೂ ಬಿಟ್ಟಿರಲಿಲ್ಲ, ಕರೆಂಟ್ ಸರಿಯಿದೆ ಅಣ್ಣಾ, ನಿಮ್ಮ ಕೈಯೇ ಸರಿಯಿಲ್ಲ, ಹೀಗೇ ಒಂದು ತಿಂಗಳು, ಛೆ, ಒಂದು ತಿಂಗಳು — ಅವ್ವಾ, ನ್ಯೂಟ್ರಲ್‌ನಲ್ಲೇ ಇರಲಿ, ಇನ್ನೊಂದ್ಸಲ ಸೆಲ್ಫ್ ಹೊಡೀರಿ, ಹೊಡೆದೆ ಮಗಳೇ, ಗಾಡಿ ಉಸ್ಸೆಂದಿತು, ಮತ್ತದೇ ವಾಸನೆ, ಮೊಣಕೈ ಏನಕ್ಕೋ ತಗಲಿ ಚುರ್ರೆಂದಿತು, ಹ್ಯಾಂಡ್ ಬ್ರೇಕಿನ ಕೇಬಲ್! ಬ್ರೇಕಿನ ತಂತಿಗೆ ಬಿಸಿ ಯಾಕೆ, ಎಂಜಿನ್ ಹತ್ತಿಯೇ ಇಲ್ಲ, ಚಕ್ರ ಅಲ್ಲಾಡಿಲ್ಲ — ಕರೆಂಟು, ಕರೆಂಟೇ ಇದರೊಳಗೆ ಹರಿಯುತ್ತಿದೆ, ತನ್ನ ದಾರಿ ಮುಚ್ಚಿ ಹೋಗಿದ್ದಕ್ಕೆ ಸಿಕ್ಕ ದಾರಿ ಹಿಡಿದಿದೆ, ಅಂದರೆ ಎಂಜಿನ್ನಿಂದ ಗಾಡಿಯ ಚಾಸಿಗೆ ಬರುವ, ಕರೆಂಟು ವಾಪಸಾಗುವ ಅರ್ತ್ ವೈರು, ಅದನ್ನೊಂದು ನೋಡಿದ್ದೆನೇ, ಇಲ್ಲ, ಎಣ್ಣೆ ಮಣ್ಣು ಮೆತ್ತಿ ಗಟ್ಟಿಯಾಗಿ ಕಾಣುತ್ತಿತ್ತು, ಬೆರಳಲ್ಲಿ ಕೆರೆದಳು, ಒಳಗೆ ಕಿಲುಬಿನ ಹಸಿರು ಪುಡಿ, ತುಂಡಾಗಿ ಎಷ್ಟು ಕಾಲವಾಯಿತೋ. ನಗು ಬಂತು, ನಾಚಿಕೆಯೂ. ಅಣ್ಣಾ, ಒಂದ್ನಿಮಿಷ ಬರ್ತೀರಾ, ನಿಮ್ಮ ಕೇಬಲ್ ಒಳಗಿನ ಪ್ಲಾಸ್ಟಿಕ್ ಕರಗಿ ಚಕ್ರ ಹಿಡ್ಕೊಳ್ತಿದ್ದಿದ್ದು ನನ್ನ ಕರೆಂಟಿಂದ, ತಪ್ಪು ನಂದೇ. ಅವನು ಬಗ್ಗಿ ನೋಡಿದ, ಕೇಬಲ್ ಮುಟ್ಟಿ ಕೈ ಕೊಡವಿದ, ಲೇ ತಂಗೀ, ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಕಣೇ, ಹೊಸ ಕೇಬಲ್ ನಾನೇ ಹಾಕ್ತೀನಿ, ನೀನು ದಪ್ಪ ವೈರು ಬಿಗಿ, ಇಬ್ಬರ ತಲೆಯೂ ಒಂದೇ ಚಾಸಿಯ ಕೆಳಗೆ, ಬೀನಾ ಆಗಲೇ ಗಾಡಿಯ ಹಿಂದೆ ಸೊಸೆಗೆ ಹಾಸಿಗೆ ಹಾಸುತ್ತಿದ್ದಾಳೆ, ಇನ್ನೂ ಆಗಿಲ್ಲ ಅವ್ವಾ, ಆಗುತ್ತೆ ಬಿಡು, ವೈರು, ಕೇಬಲ್ ಎರಡೂ ಬಿಗಿದಾಯಿತು, ಸೆಲ್ಫ್ ಈ ಸಲ ಒಂದೇ ಏಟಿಗೆ ಗುಡುಗಿತು, ದೀಪ ಬೆಳ್ಳಗೆ, ಕೇಬಲ್ ಮುಟ್ಟಿದರೆ ತಣ್ಣಗೆ, ಎಂಜಿನ್ ನಿಲ್ಲಿಸಿ, ಜಾಕ್ ಮೇಲಿನ ಹಿಂಚಕ್ರಕ್ಕೆ ಬೆರಳ ತುದಿಯಿಂದ ಸುಮ್ಮನೆ ಒಂದು ತಳ್ಳು, ಚಕ್ರ ತಿರುಗಿತು, ಸದ್ದಿಲ್ಲದೆ, ಕೈ ತೆಗೆದ ಮೇಲೂ ತಿರುಗುತ್ತಿದೆ, ತಿರುಗುತ್ತಲೇ ಇದೆ